ಕೋಲಿನ ತುದಿಯ ಗಾದೆ: ಅಕಾನ್ ಜನರ ಜಾಣ್ನುಡಿಗಳನ್ನು ಓದುವ ಬಗೆ

‘ಆಫ್ರಿಕಾದ ಗಾದೆ’ ಎಂಬ ಹೆಸರಿನಲ್ಲಿ ಊರು, ಭಾಷೆ ಒಂದೂ ಇಲ್ಲದೆ ಹರಿದಾಡುವ ಸಾಲುಗಳಿಂದ ಕಲಿಯುವುದಕ್ಕೆ ಹೆಚ್ಚೇನೂ ಸಿಗದು. ಒಂದು ಜನಾಂಗವನ್ನು ಹಿಡಿದು ಓದುವುದು ಮೇಲು. ಇಲ್ಲಿ ಘಾನಾದ ಅಕಾನ್ ಜನರನ್ನು, ಅದರಲ್ಲೂ ಕುಮಾಸಿಯಿಂದ ಆಳಿದ ಅಸಾಂಟೆ ಅರಸೊತ್ತಿಗೆಯನ್ನು ಆರಿಸಿಕೊಂಡಿದ್ದೇನೆ. ಭಾಷೆ ಟ್ವಿ.

ಸಂಪ್ರದಾಯದಂತೆ ಅಸಾಂಟೆ ಅರಸ ಸಭೆಯೊಡನೆ ನೇರವಾಗಿ ಮಾತನಾಡುವುದಿಲ್ಲ. ನಡುವೆ ಒಚಿಯಾಮೆ ಎಂಬ ವಕ್ತಾರನಿರುತ್ತಾನೆ. ಅರಸನ ಮಾತಿಗೆ ಗಾದೆ ಸೇರಿಸಿ, ಹದಗೊಳಿಸಿ ಸಭೆಗೆ ಮುಟ್ಟಿಸುವುದು ಅವನ ಹೊಣೆ. ಅವನ ಕೋಲಿನ ತುದಿಯಲ್ಲಿ ಮರದಲ್ಲಿ ಕೆತ್ತಿ ಚಿನ್ನದ ತಗಡು ಹೊದಿಸಿದ ಆಕೃತಿಯೊಂದು ಇರುತ್ತದೆ. ಮೊಟ್ಟೆ ಹಿಡಿದ ಕೈ ಅವುಗಳಲ್ಲಿ ಬಹಳ ಪ್ರಸಿದ್ಧ: ಅಧಿಕಾರವೆಂದರೆ ಮೊಟ್ಟೆ, ಬಿಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬಿದ್ದುಹೋಗುತ್ತದೆ. ಇದನ್ನು ‘ಅರಸನಿಗೆ ಹೇಳಿದ ಬುದ್ಧಿಮಾತು’ ಎಂದಷ್ಟೇ ಬರೆದುಕೊಂಡರೆ ಓದು ಅರ್ಧಕ್ಕೇ ನಿಲ್ಲುತ್ತದೆ. ಆ ಕೋಲನ್ನು ಕಣ್ಣೆದುರು ಕಾಣುವವರು ಪ್ರಜೆಗಳು. ಅರಸ ಹಿಂಡಬಾರದು ಎಂಬುದರ ಜೊತೆಗೆ ಅವನು ಕೈಬಿಡುವುದೂ ಇಲ್ಲ ಎಂಬುದು ಅವರಿಗೆ ತಿಳಿಯುತ್ತದೆ.

ಇನ್ನೊಂದು ಕೋಲಿನಲ್ಲಿ ಇಬ್ಬರು ಊಟದ ಮುಂದೆ ಕುಳಿತಿದ್ದಾರೆ. ಊಟ ಅದರ ಒಡೆಯನದು, ಹಸಿದವನದಲ್ಲ. ಅಂದರೆ ಅರಸನ ಪೀಠ ಹಕ್ಕುದಾರನಿಗೆ ಮಾತ್ರ. ಹಿರಿಯರ ಮಾತೆಲ್ಲ ಮೃದುವಾಗಿರುತ್ತದೆ ಎಂದು ನಂಬಿದವರು ಇದನ್ನು ಎರಡು ಸಲ ಓದಬೇಕು.

ಸಂತೆಯಲ್ಲೂ ಗಾದೆಯಿತ್ತು. ಚಿನ್ನದ ಪುಡಿಯೇ ಹಣವಾಗಿದ್ದ ಕಾಲದಲ್ಲಿ ವ್ಯಾಪಾರಿಗಳು ಅದನ್ನು ತೂಗಲು ಹಿತ್ತಾಳೆಯ ಪುಟ್ಟ ಬಟ್ಟುಗಳನ್ನು ಬಳಸುತ್ತಿದ್ದರು. ಮೇಣದ ಅಚ್ಚಿನಿಂದ ಎರಕ ಹೊಯ್ದ ಈ ಬಟ್ಟುಗಳಲ್ಲಿ ಕೆಲವು ಗಾದೆಯ ರೂಪದವು. ಒಂದರಲ್ಲಿ ಎರಡು ಮೊಸಳೆಗಳಿಗೆ ಒಂದೇ ಹೊಟ್ಟೆ. ತಿಂದದ್ದು ಸೇರುವುದು ಒಂದೇ ಕಡೆ, ಆದರೂ ರುಚಿ ನನ್ನ ಗಂಟಲಿನಲ್ಲೇ ಇಳಿಯಲಿ ಎಂದು ಎರಡೂ ಕಚ್ಚಾಡುತ್ತವೆ. ಒಟ್ಟು ಕುಟುಂಬದ ಜಗಳ ಕಂಡವರಿಗೆ ಬೇರೆ ವಿವರಣೆ ಬೇಡ.

ಈ ಗಾದೆಗಳು ಅಚ್ಚಿಗೆ ಬಂದ ಕಥೆಗೆ ಕನ್ನಡದ ನಂಟಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪಾದ್ರಿ ಕ್ರಿಸ್ಟಾಲರ್ 1853ರಲ್ಲಿ ಇಂದಿನ ಘಾನಾ ನೆಲಕ್ಕೆ ಹೋದರು. ಅದೇ ವರ್ಷ, ಅದೇ ಮಿಷನ್ನಿನಿಂದ ಕಿಟ್ಟೆಲ್ ಕನ್ನಡ ನಾಡಿಗೆ ಬಂದರು. ಕ್ರಿಸ್ಟಾಲರ್ 1879ರಲ್ಲಿ ಸುಮಾರು 3,600 ಟ್ವಿ ಗಾದೆಗಳನ್ನು ಪ್ರಕಟಿಸಿದರು. ಕಿಟ್ಟೆಲ್ 1894ರ ನಿಘಂಟಿನಲ್ಲಿ ಪದಗಳ ಜೊತೆಗೆ ಗಾದೆಗಳನ್ನೂ ಕೊಟ್ಟರು. ಆದರೆ ಪಟ್ಟಿಯಲ್ಲಿ ಉಳಿಯುವುದು ಸಾಲು ಮಾತ್ರ. ಯಾರು, ಯಾರಿಗೆ, ಯಾವ ವ್ಯಾಜ್ಯದಲ್ಲಿ ಆಡಿದರು ಎಂಬುದನ್ನು ಹುಡುಕಲು ಆ ಕೋಲುಗಳನ್ನೂ ಬಟ್ಟುಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು.