ಚಿತ್ರ ಬಿಡಿಸೋಕೆ ಬರದಿದ್ದರೆ ಕ್ರಿಯೇಟಿವ್ ಡೈರೆಕ್ಟರ್ ಆಗಬಹುದಾ?

ಪ್ರಶ್ನೆ: ಸರ್, ನನಗೆ ಚಿತ್ರ ಬಿಡಿಸೋಕೆ ಬರಲ್ಲ. ಆದರೆ ಐಡಿಯಾಗಳು ಹೊಳೆಯುತ್ತವೆ. ಜಾಹೀರಾತು ಏಜೆನ್ಸಿಯಲ್ಲಿ ಕ್ರಿಯೇಟಿವ್ ಡೈರೆಕ್ಟರ್ ಆಗಬಹುದಾ?

ಆಗಬಹುದು. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಮುಂದಿನ ತಿಂಗಳು ಇದೇ ಪ್ರಶ್ನೆ ಮತ್ತೆ ಬರುತ್ತದೆ, ನನಗೆ ಗೊತ್ತು.

ಮದುವೆ ಮನೆಯಲ್ಲಿ ನನ್ನ ಕೆಲಸ ಏನೆಂದು ಹೇಳಿದರೆ ಸಾಕು, ಎದುರಿನವರು "ಹಾಗಾದ್ರೆ ನಮ್ಮ ಪಾಪುಗೆ ಸ್ವಲ್ಪ ಡ್ರಾಯಿಂಗ್ ಹೇಳಿಕೊಡಿ" ಅನ್ನುತ್ತಾರೆ. ನಾನು ಬಿಡಿಸಿದ ಆನೆ ಸೋರೆಕಾಯಿ ಥರ ಕಾಣುತ್ತದೆ. ಆದರೂ ಸಂಬಳ ಬರುತ್ತಿತ್ತು! ಕನ್ನಡದಲ್ಲಿ ಚಿತ್ರವನ್ನೂ 'ಬರೆಯುತ್ತೇವೆ', ಅಕ್ಷರವನ್ನೂ 'ಬರೆಯುತ್ತೇವೆ'. ಗೊಂದಲಕ್ಕೆ ಅದೂ ಒಂದು ಕಾರಣವೋ ಏನೋ.

ಏಜೆನ್ಸಿಯ ಕ್ರಿಯೇಟಿವ್ ವಿಭಾಗಕ್ಕೆ ಎರಡು ಬಾಗಿಲು. ಒಂದು ಕಾಪಿ, ಅಂದರೆ ಮಾತು. ಇನ್ನೊಂದು ಆರ್ಟ್, ಅಂದರೆ ನೋಟ. ಮೊದಲೆಲ್ಲ ಕಾಪಿರೈಟರ್ ಸಾಲು ಬರೆದು ಆರ್ಟ್ ವಿಭಾಗಕ್ಕೆ ಕಳಿಸುತ್ತಿದ್ದ, ಅವರು ಅದಕ್ಕೆ ಚಿತ್ರ ಹೊಂದಿಸುತ್ತಿದ್ದರು. 1949ರಲ್ಲಿ ನ್ಯೂಯಾರ್ಕಿನಲ್ಲಿ ಜೊತೆಗಾರರೊಂದಿಗೆ ಏಜೆನ್ಸಿ ಶುರುಮಾಡಿದ ಬಿಲ್ ಬರ್ನ್‌ಬಾಕ್ ಇಬ್ಬರನ್ನೂ ಜೋಡಿಯಾಗಿ ಕೂರಿಸಿದರು. ಅವರ ಏಜೆನ್ಸಿ ಮಾಡಿದ 1959ರ ಫೋಕ್ಸ್‌ವ್ಯಾಗನ್ ಜಾಹೀರಾತು ನೆನಪಿಸಿಕೊಳ್ಳಿ: ಖಾಲಿ ಪುಟದಲ್ಲಿ ಪುಟ್ಟ ಕಾರು. ಮಾತು ಜೂಲಿಯನ್ ಕೋನಿಗ್ ಅವರದು, ವಿನ್ಯಾಸ ಹೆಲ್ಮುಟ್ ಕ್ರೋನ್ ಅವರದು. ಅಂದಹಾಗೆ, ಬರ್ನ್‌ಬಾಕ್ ಅವರೂ ಬಂದದ್ದು ಕಾಪಿ ಬಾಗಿಲಿನಿಂದಲೇ.

ಇನ್ನೂ ನಂಬಿಕೆ ಬರಲಿಲ್ವಾ? ಓಗಿಲ್ವಿ ಏಜೆನ್ಸಿಯ ಕ್ರಿಯೇಟಿವ್ ಮುಖ್ಯಸ್ಥರಾಗಿದ್ದ ಪೀಯೂಷ್ ಪಾಂಡೆ ಅವರನ್ನು ನೋಡಿ. ಜೈಪುರದ ಹುಡುಗ, ಓದಿದ್ದು ಇತಿಹಾಸ. ರಾಜಸ್ಥಾನಕ್ಕೆ ರಣಜಿ ಆಡಿದರು, ಚಹಾ ರುಚಿ ನೋಡುವ ಕೆಲಸ ಮಾಡಿದರು. 1982ರಲ್ಲಿ ಓಗಿಲ್ವಿ ಸೇರಿದ್ದೂ ಕ್ರಿಯೇಟಿವ್‌ಗೆ ಅಲ್ಲ, ಗ್ರಾಹಕ ಕಂಪನಿಗಳ ಜೊತೆ ವ್ಯವಹರಿಸುವ ಸರ್ವಿಸಿಂಗ್ ವಿಭಾಗಕ್ಕೆ. ಕಾಪಿಗೆ ಬಂದದ್ದು ಆಮೇಲೆ. ಫೆವಿಕಾಲ್ ಜಾಹೀರಾತುಗಳ ಹಿಂದೆ ಇದ್ದದ್ದು ಇವರೇ. ಆ ಏಜೆನ್ಸಿ ಕಟ್ಟಿದ ಡೇವಿಡ್ ಓಗಿಲ್ವಿ ಪ್ಯಾರಿಸ್ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು, ಆಮೇಲೆ ಮನೆಮನೆಗೆ ಒಲೆ ಮಾರಿದವರು. ಇವರಲ್ಲಿ ಯಾರೂ ಚಿತ್ರದ ಕೈಯಿಂದ ಮೇಲೆ ಬಂದವರಲ್ಲ. ದಯವಿಟ್ಟು ಆ ಪೆನ್ಸಿಲ್ ಪಕ್ಕಕ್ಕಿಡಿ.

ಕ್ರಿಯೇಟಿವ್ ಡೈರೆಕ್ಟರಿಗೆ ಕೈಗಿಂತ ಜಾಸ್ತಿ ಬೇಕಾಗೋದು ಕಣ್ಣು. ಟೀಮಿನವರು 40 ಸಾಲು ಬರೆದು ತಂದು ಗೋಡೆಗೆ ಅಂಟಿಸುತ್ತಾರೆ. 39 ಹರಿದು ಹಾಕಬೇಕು. ಹರಿಸಿಕೊಂಡವರು ನಾಳೆ ಮತ್ತೆ 40 ಬರೆಯುವ ಹಾಗೆ ಹರಿಯಬೇಕು, ಅದು ಕಷ್ಟ. ಉಳಿದ ಒಂದನ್ನು ಕ್ಲೈಂಟ್ ಮುಂದೆ ಕಾಪಾಡಬೇಕು. "ಲೋಗೋ ಸ್ವಲ್ಪ ದೊಡ್ಡದು ಮಾಡಿ" ಅಂದಾಗ ನಗಬೇಕು.

ಮೇಲೇರುವ ಮೆಟ್ಟಿಲುಗಳು ಇವು: ಟ್ರೈನಿ, ಸೀನಿಯರ್, ಗ್ರೂಪ್ ಹೆಡ್, ಅಸೋಸಿಯೇಟ್ ಕ್ರಿಯೇಟಿವ್ ಡೈರೆಕ್ಟರ್, ಆಮೇಲೆ ಕ್ರಿಯೇಟಿವ್ ಡೈರೆಕ್ಟರ್ ಕುರ್ಚಿ. ಒಳಗೆ ಬರೋಕೆ ಡಿಗ್ರಿಗಿಂತ ಕಾಪಿ ಟೆಸ್ಟ್ (ಏಜೆನ್ಸಿ ಕೊಡುವ ಬರವಣಿಗೆಯ ಪರೀಕ್ಷೆ) ಮತ್ತು ಪೋರ್ಟ್‌ಫೋಲಿಯೊ (ನೀವು ಮಾಡಿದ ಕೆಲಸಗಳ ಸಂಗ್ರಹ) ಮುಖ್ಯ. ಯಾರೂ ಕೊಡದ ಬ್ರೀಫಿಗೆ, ಅಂದರೆ ಎಂಥ ಜಾಹೀರಾತು ಬೇಕೆಂದು ಕ್ಲೈಂಟ್ ಕೊಡುವ ಸೂಚನೆಗೆ, ನೀವೇ ಜಾಹೀರಾತು ಮಾಡಿ ಇಟ್ಟರೂ ಆಗುತ್ತದೆ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ ಇದೆ. ಟೀವಿಯಲ್ಲಿ ಬರುವ ಎಷ್ಟೋ ಕನ್ನಡ ಜಾಹೀರಾತುಗಳು ಯಾಕೆ ಯಾರೂ ಆಡದ ಕನ್ನಡದಲ್ಲಿ ಇರುತ್ತವೆ? ಯಾಕೆಂದರೆ ಅವು ಮುಂಬೈಯಲ್ಲಿ ಹಿಂದಿಯಲ್ಲಿ ಹುಟ್ಟಿದವು. ಚಿತ್ರೀಕರಣ ಮುಗಿದ ಮೇಲೆ ಕನ್ನಡ ನೆನಪಾಗುತ್ತದೆ. ಅಷ್ಟರಲ್ಲಿ ನಟಿಯ ತುಟಿ 'ಹೈ' ಅಂತ ಮುಚ್ಚಿಯಾಗಿದೆ. ನಮ್ಮ 'ಆಗುತ್ತದೆ' ಅಲ್ಲಿ ಎಲ್ಲಿ ಹಿಡಿಸಬೇಕು? 30 ಸೆಕೆಂಡಂತೂ ಹಿಗ್ಗುವುದಿಲ್ಲ. ಹಾಗಾಗಿ ತುಟಿಗೆ ಹೊಂದುವ ಪದ ಗೆಲ್ಲುತ್ತದೆ, ಬಾಯಿಗೆ ಬರುವ ಪದ ಸೋಲುತ್ತದೆ.

ಒಮ್ಮೆ ಒಂದು ಸ್ಟುಡಿಯೋದಲ್ಲಿ ನನ್ನ ಕೈಗೂ ಅಂಥ ಸ್ಕ್ರಿಪ್ಟ್ ಬಂತು. ಸೊಸೆ ಅತ್ತೆಗೆ "ಈಗ ಸಂತೋಷದ ಸ್ವಾದವನ್ನು ಆನಂದಿಸಿ" ಅನ್ನಬೇಕಿತ್ತು. ದನಿ ಕೊಡಲು ಬಂದಿದ್ದ ಹೆಂಗಸು ಒಂದು ಸಲ ಓದಿ, ಕನ್ನಡಕ ತೆಗೆದು, "ತಗೊಳ್ಳಿ ಅತ್ತೆ, ತಿಂದು ನೋಡಿ ಅಂದ್ರೆ ಸಾಕಲ್ವಾ?" ಅಂದರು. ತುಟಿಗೂ ಹೊಂದಿತು. ಆ ಸಾಲು ಬರೆದ ಸಂಬಳ ಮಾತ್ರ ಅವರಿಗೆ ಸಿಗಲಿಲ್ಲ.