ಮಗನಿಗೆ ಮದ್ದು, ಅಮ್ಮನಿಗೆ?

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಹರೆಯದ ಮಗನೊಬ್ಬ ಕಿವಿಯಲ್ಲಿ ಯಾರೋ ಮಾತಾಡುತ್ತಾರೆಂದು ರಾತ್ರಿಯಿಡೀ ಅಂಗಳದಲ್ಲಿ ತಿರುಗತೊಡಗಿದರೆ ಅನೇಕ ಮನೆಗಳಲ್ಲಿ ಮೊದಲು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುತ್ತಾರೆ. ನಾಗದೋಷವೋ ದೈವದ ಮುನಿಸೋ, ಮಾತು ಸುತ್ತಿ ಸುತ್ತಿ ಕೊನೆಗೆ ಹೆತ್ತವಳ ಮೇಲೆಯೇ ಬರುತ್ತದೆ: ಬಸುರಿಯಾಗಿದ್ದಾಗ ಯಾವ ಹರಕೆ ಬಾಕಿ ಇಟ್ಟಿದ್ದೆ? ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ವೈದ್ಯಲೋಕವೂ ಇದೇ ಪಾಪ ಮಾಡಿದೆ. 1948ರಲ್ಲಿ ಅಮೆರಿಕದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್, ಮಗುವಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವಂಥ ಮನೋರೋಗ, ತರಿಸುವ ತಾಯಿಯ ಬಗ್ಗೆ ಬರೆದರು. ಮುಂದೆ ದಶಕಗಟ್ಟಲೆ ಎಷ್ಟೋ ಅಮ್ಮಂದಿರು ಆಸ್ಪತ್ರೆಗಳಲ್ಲಿ ತಲೆ ತಗ್ಗಿಸಿ ಕೂರಬೇಕಾಯಿತು. ಅವಳಿಗಳ ಮತ್ತು ದತ್ತುಮಕ್ಕಳ ಅಧ್ಯಯನಗಳು ವಂಶವಾಹಿಗಳ ಪಾತ್ರವನ್ನು ತೋರಿಸಿದ ಮೇಲೆ ಆ ವಾದ ಬಿದ್ದುಹೋಯಿತು.

ಹಾಗಿದ್ದರೂ ಹೆತ್ತವರ ಮೈಯೊಳಗೆ ಏನಾಗುತ್ತಿದೆ ಎಂದು ವಿಚಾರಿಸುವವರು ಕಡಿಮೆ. ಗಾಬರಿಯಾದಾಗ ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಗೆ ಸುದ್ದಿ ಕಳಿಸುತ್ತದೆ, ಅಲ್ಲಿಂದ ಕಾರ್ಟಿಸೋಲ್ ಎಂಬ ಹಾರ್ಮೋನು ಹೊರಡುತ್ತದೆ. ರಕ್ತದಲ್ಲಿ ಅದು ಸಾಕಷ್ಟು ಸೇರಿದೊಡನೆ ಮೇಲಿನ ಅಪ್ಪಣೆ ನಿಲ್ಲುತ್ತದೆ, ತೋಟದ ಟ್ಯಾಂಕಿ ತುಂಬಿದಾಗ ಫ್ಲೋಟ್ ಎದ್ದು ಪಂಪು ನಿಲ್ಲುವ ಹಾಗೆ. ಉರಿಯೂತವನ್ನು, ಅಂದರೆ ಮೈಯೊಳಗಿನ ಬಾವು-ಉರಿಯನ್ನು, ತಣಿಸುವ ಕೆಲಸವೂ ಇದೇ ಕಾರ್ಟಿಸೋಲಿನದು. ಇವತ್ತು ಮಾತ್ರೆ ನುಂಗಿದನೋ, ನಡುರಾತ್ರಿ ಚಿಲಕ ತೆಗೆದು ಹೊರಟುಹೋದನೋ ಎಂಬ ಕಾವಲು ವರ್ಷಗಟ್ಟಲೆ ನಡೆದರೆ ಫ್ಲೋಟಿಗೆ ತುಕ್ಕು ಹಿಡಿಯುತ್ತದೆ. ಹಾರ್ಮೋನು ಇದ್ದರೂ ಜೀವಕೋಶಗಳು ಅದರ ಮಾತಿಗೆ ಮೊದಲಿನಂತೆ ಬಗ್ಗುವುದಿಲ್ಲ. 2002ರಲ್ಲಿ ಮನೋವಿಜ್ಞಾನಿ ಗ್ರೆಗರಿ ಮಿಲ್ಲರ್ ಮತ್ತು ಸಂಗಡಿಗರು ಕ್ಯಾನ್ಸರ್ ಪೀಡಿತ ಮಕ್ಕಳ ತಂದೆತಾಯಿಯರ ರಕ್ತದಲ್ಲಿ ಇಂಥದ್ದನ್ನೇ ಕಂಡರು: ಕಾರ್ಟಿಸೋಲ್ ಜಾತಿಯ ಮದ್ದು ಬೆರೆಸಿದರೂ ಉರಿಯೂತದ ಒಂದು ರಾಸಾಯನಿಕ ಇತರ ಹೆತ್ತವರಲ್ಲಿ ತಗ್ಗಿದಷ್ಟು ಇವರಲ್ಲಿ ತಗ್ಗಲಿಲ್ಲ. ಮಗುವಿನ ಕಾಯಿಲೆ ಬೇರೆಯಾದರೂ ಕಾವಲು ಕಾಯುವ ಮೈ ಬೇರೆಯಲ್ಲ. ಆದ್ದರಿಂದ ಆ ಅಮ್ಮನಿಗೆ "ಧೈರ್ಯ ತಂದುಕೋ" ಎನ್ನುವುದರಿಂದ ಏನೂ ಆಗದು. ವಾರಕ್ಕೆರಡು ರಾತ್ರಿ ಚಿಕ್ಕಪ್ಪನೋ ಸೋದರಮಾವನೋ ಕಾವಲಿಗೆ ಬಂದು ಆಕೆ ನಿದ್ದೆ ಮಾಡುವಂತಾಗಬೇಕು.

1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದೊಳಗೆ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಉಳಿಸಿಕೊಂಡರು. ಕಾಯಿಲೆ ಏನೆಂದು ಅವರಿಗೆ ದಿನವೂ ತಿಳಿಹೇಳುತ್ತಿದ್ದರು. ಪಕ್ಕದ ಡೇರೆಯಲ್ಲೂ ತನ್ನಂಥದೇ ಒಬ್ಬ ಅಮ್ಮ ಇದ್ದಾಳೆ ಎಂದು ಕಂಡವಳಿಗೆ ಹರಕೆಯ ಲೆಕ್ಕ ಹುಡುಕುವ ಅಗತ್ಯ ಎಷ್ಟು ಉಳಿದೀತು?

ನಮ್ಮಲ್ಲಿ ಮಗನನ್ನು ಮಂಗಳೂರಿಗೆ ಮದ್ದಿಗೆ ಕರೆದೊಯ್ಯುವ ದಿನವೇ ಅಮ್ಮನ ಬಿ.ಪಿ., ಸಕ್ಕರೆಯನ್ನೂ ನೋಡಿಸಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲು ದುಡ್ಡು ಬೇಡ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಮಗನ ವಿಷಯ ಕೇಳಿ ಮುಗಿದ ಮೇಲೆ ನಿಮ್ಮ ನಿದ್ದೆಯ ವಿಷಯವನ್ನೂ ಹೇಳಿ.