ಮೂರು ವರ್ಷದ ಮಗುವಿನ ಬುದ್ಧಿಯನ್ನು ಅಳೆಯುವಾಗ

ಪ್ಯಾರಿಸ್ಸಿನ ಶಾಲೆಗಳಲ್ಲಿ ವಿಶೇಷ ನೆರವು ಬೇಕಿರುವ ಮಕ್ಕಳನ್ನು ಗುರುತಿಸಲೆಂದು ಆಲ್‌ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋನ್ 1905ರಲ್ಲಿ ರಚಿಸಿದ ಪರೀಕ್ಷೆಯನ್ನು ಅಮೆರಿಕದಲ್ಲಿ ಲೂಯಿಸ್ ಟರ್ಮನ್ 1916ರಲ್ಲಿ ಪರಿಷ್ಕರಿಸಿದರು. ವಿ. ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗುವಂತೆ ಮಾರ್ಪಡಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿದ್ದು, ಮೂರನೆಯ ವಯಸ್ಸಿನಿಂದಲೇ ಮಗುವಿನ ಬುದ್ಧಿಲಬ್ಧವನ್ನು (ಐಕ್ಯೂ) ಅಳೆಯುತ್ತದೆ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಸಿಗುವ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಮೊದಲು ಲೆಕ್ಕವನ್ನೇ ನೋಡೋಣ. ಮಾನಸಿಕ ವಯಸ್ಸನ್ನು, ಎಂದರೆ ಮಗುವಿನ ಉತ್ತರಗಳು ಯಾವ ವಯಸ್ಸಿನ ಮಟ್ಟದವೋ ಆ ವಯಸ್ಸನ್ನು, ನಿಜವಾದ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಹಳೆಯ ಪದ್ಧತಿಯ ಬುದ್ಧಿಲಬ್ಧ ಬರುತ್ತದೆ. ಟರ್ಮನ್ನರ ಮಾದರಿಯಲ್ಲಿ ಮೂರರಿಂದ ಹತ್ತರವರೆಗೆ ಪ್ರತಿ ವಯಸ್ಸಿಗೂ ಆರು ಪ್ರಶ್ನೆಗಳಿದ್ದು, ಒಂದೊಂದು ಸರಿ ಉತ್ತರಕ್ಕೂ ಎರಡು ತಿಂಗಳ ಮಾನಸಿಕ ವಯಸ್ಸು ಸೇರುತ್ತದೆ. 'ನಿನ್ನ ಮೂಗು ತೋರಿಸು' ಎಂಬ ಬಗೆಯದು ಮೂರರ ಪ್ರಶ್ನೆಗಳಲ್ಲೊಂದು. ಹೊಸಬರನ್ನು ಕಂಡು ಅಮ್ಮನ ಸೆರಗಿನಲ್ಲಿ ಮುಖ ಮರೆಸಿಕೊಂಡ ಮಗು ಮೂಗು ತೋರಿಸದೆ ಹೋದರೆ, 36 ತಿಂಗಳಲ್ಲಿ 2 ತಿಂಗಳು ಎಂದರೆ ಐದೂವರೆ ಅಂಕ, ಅಲ್ಲಿಗೇ ಕಳೆದುಹೋಯಿತು. ಹತ್ತು ವರ್ಷದ ಹುಡುಗ ಒಂದು ಪ್ರಶ್ನೆ ತಪ್ಪಿದರೆ ಕಳೆದುಕೊಳ್ಳುವುದು ಎರಡಕ್ಕಿಂತ ಕಡಿಮೆ. ನಾಚಿಕೆ, ನಿದ್ದೆ, ಹಸಿವು ಯಾವ ವಯಸ್ಸಿನಲ್ಲಿ ಹೆಚ್ಚು ಕಾಡುತ್ತವೆಯೋ ಅದೇ ವಯಸ್ಸಿನಲ್ಲಿ ಅವುಗಳ ಬೆಲೆಯೂ ಹೆಚ್ಚು.

ಹೊಸ ಪರೀಕ್ಷೆಗಳು ಈ ಭಾಗಾಕಾರವನ್ನು ಕೈಬಿಟ್ಟು, ಸರಾಸರಿ 100 ಮತ್ತು ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 15 ಇರುವಂತೆ ಮಗುವನ್ನು ಅದರ ಓರಗೆಯವರೊಡನೆ ಹೋಲಿಸುತ್ತವೆ. ಆದರೂ ಮಾಪನದ ದೋಷ ಅಳಿಯುವುದಿಲ್ಲ. ವಿಶ್ವಸನೀಯತೆ (ಮತ್ತೆ ಅಳೆದರೂ ಅದೇ ಫಲಿತಾಂಶ ಬರುವ ಮಟ್ಟ; 1 ಎಂದರೆ ಪೂರ್ಣ) 0.90 ಇರುವ ಒಳ್ಳೆಯ ಪರೀಕ್ಷೆಯಲ್ಲೂ 72 ಅಂಕ ಬಂದ ಮಗುವಿನ ನಿಜವಾದ ಮಟ್ಟ ಸುಮಾರು 63ರಿಂದ 81ರ ನಡುವೆ ಎಲ್ಲಿಯಾದರೂ ಇರಬಹುದು. ಮಗು ಬೆಳೆಯುತ್ತ ಅಂಕವೂ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅವೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರನೆಯ ಮತ್ತು ಹದಿನೆಂಟನೆಯ ವಯಸ್ಸಿನ ನಡುವೆ ಸುಮಾರು ಶೇ. 60ರಷ್ಟು ಮಕ್ಕಳ ಅಂಕ 15 ಅಥವಾ ಅದಕ್ಕಿಂತ ಹೆಚ್ಚು ಬದಲಾಗಿತ್ತು. ಆರಕ್ಕಿಂತ ಮುಂಚಿನ ಅಂಕಗಳು ಮುಂದಿನದನ್ನು ಸೂಚಿಸುವಲ್ಲಿ ಇನ್ನೂ ದುರ್ಬಲವಾಗಿದ್ದವು.

ನ್ಯಾಯದ ಪ್ರಶ್ನೆ ಇದಕ್ಕಿಂತ ಜಟಿಲ. ಎರಡು ಗುಂಪುಗಳ ಸರಾಸರಿ ಬೇರೆಯಾದ ಮಾತ್ರಕ್ಕೆ ಪರೀಕ್ಷೆ ಪಕ್ಷಪಾತಿ ಎನ್ನಲಾಗದು, ಏಕೆಂದರೆ ಪೌಷ್ಟಿಕತೆ, ಆರೋಗ್ಯಗಳ ನಿಜವಾದ ಅಂತರವೂ ಅದರಲ್ಲಿ ಕಾಣಿಸಿಕೊಳ್ಳಬಹುದು. ಒಟ್ಟಾರೆ ಒಂದೇ ಸಾಮರ್ಥ್ಯದ ಮಕ್ಕಳಲ್ಲಿ ಒಂದು ಗುಂಪಿನವರು ನಿರ್ದಿಷ್ಟ ಪ್ರಶ್ನೆಯೊಂದರಲ್ಲಿ ಮತ್ತೆ ಮತ್ತೆ ಎಡವುತ್ತಾರೆಯೇ ಎಂದು ಹುಡುಕಬೇಕು. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಆಡುವ ಮಗುವಿಗೆ ಪಠ್ಯಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಅಳೆದದ್ದು ಬುದ್ಧಿಯನ್ನೋ ಭಾಷೆಯ ಪರಿಚಯವನ್ನೋ ಎಂದು ಹೇಳುವುದು ಕಷ್ಟ. ಮಾತೇ ಬೇಡದ ಪರೀಕ್ಷೆಯೂ ನಿರಪೇಕ್ಷವಲ್ಲ. ಮನೋವಿಜ್ಞಾನಿ ರಾಬರ್ಟ್ ಸರ್ಪೆಲ್ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಾಂಬಿಯಾ ಮತ್ತು ಇಂಗ್ಲೆಂಡಿನ ಶಾಲಾ ಮಕ್ಕಳಿಗೆ ತೋರಿಸಿದ ಆಕೃತಿಗಳನ್ನು ಹಾಗೆಯೇ ಮಾಡುವ ಕೆಲಸ ಕೊಟ್ಟಾಗ, ಕಾಗದ-ಪೆನ್ಸಿಲ್ಲಿನಲ್ಲಿ ಇಂಗ್ಲೆಂಡಿನವರು, ತಂತಿಯಲ್ಲಿ ಆಟಿಕೆ ಮಾಡಿ ಅಭ್ಯಾಸವಿದ್ದ ಜಾಂಬಿಯಾದವರು ತಂತಿಯಲ್ಲಿ, ಮುಂದಿದ್ದರು. ಜೇಡಿಮಣ್ಣಿನಲ್ಲಿ ಇಬ್ಬರೂ ಸಮಾನರು. ಪೆನ್ಸಿಲ್ ಹಿಡಿದೇ ಇರದ ಮಗುವಿನ ವಿಷಯದಲ್ಲಿ ನಾನು ಈ ಫಲಿತಾಂಶವನ್ನು ತುಂಬ ಗಂಭೀರವಾಗಿ ಪರಿಗಣಿಸುತ್ತೇನೆ.

ಹೋಲಿಕೆಯ ಮಾನಕಗಳು, ಎಂದರೆ ಓರಗೆಯ ಮಕ್ಕಳಿಂದ ಪಡೆದ ಅಂಕಗಳ ಪಟ್ಟಿ, ಹಳತಾದರೆ ತಪ್ಪು ಇನ್ನೊಂದು ದಿಕ್ಕಿಗೆ ವಾಲುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ದಶಕಕ್ಕೆ ಸುಮಾರು 3 ಅಂಕ ಏರಿಕೆಯಾದುದನ್ನು ಸಂಶೋಧಕ ಜೇಮ್ಸ್ ಫ್ಲಿನ್ ತೋರಿಸಿದರು. ಇಂತಹ ಏರಿಕೆ ಆಗಿರುವ ಸಮಾಜದಲ್ಲಿ ಅಜ್ಜಂದಿರ ಕಾಲದ ಮಕ್ಕಳೊಡನೆ ಹೋಲಿಸಿದಾಗ ಇಂದಿನ ಮಗುವಿನ ಅಂಕ ಉಬ್ಬಿ, ನೆರವಿನ ಅಗತ್ಯವಿರುವ ಮಗುವಿಗೂ ಅದನ್ನು ಪಡೆಯಲು ಬೇಕಾದ ಪ್ರಮಾಣಪತ್ರ ಸಿಗದೆ ಹೋಗಬಹುದು.

ಪರೀಕ್ಷೆಯ ಸಪ್ರಮಾಣತೆ, ಎಂದರೆ ಅಳೆಯಬೇಕಾದ್ದನ್ನೇ ಅದು ಅಳೆಯುತ್ತದೆಯೇ ಎಂಬುದು, ಅದರ ಪೆಟ್ಟಿಗೆಯೊಳಗೆ ಇರುವುದಿಲ್ಲ. ಅಂಕವನ್ನು ಯಾವ ನಿರ್ಧಾರಕ್ಕೆ ಬಳಸುತ್ತೇವೆ ಎಂಬುದನ್ನು ಅವಲಂಬಿಸಿರುತ್ತದೆ. ಮಾತು ತಡವಾದ ಮಗುವಿಗೆ ಬೇಗ ಚಿಕಿತ್ಸೆ ಆರಂಭಿಸಲು ಈ ಪರೀಕ್ಷೆಗಳು ನಿಜಕ್ಕೂ ನೆರವಾಗುತ್ತವೆ, ಹಾಗಾಗಿ ಅವುಗಳನ್ನು ತಿರಸ್ಕರಿಸುವುದು ಮಕ್ಕಳಿಗೇ ನಷ್ಟ. ಅದೇ ಅಂಕದಿಂದ ನರ್ಸರಿಯ ಸೀಟು ಹಂಚುವುದನ್ನು ಮಾತ್ರ ನಾನು ಒಪ್ಪಲಾರೆ. ವರದಿ ಕೈಗೆ ಬಂದಾಗ ಪೋಷಕರು ಅಂಕದ ಜೊತೆಗೆ ಅದರ ದೋಷದ ವ್ಯಾಪ್ತಿಯನ್ನು, ಪ್ರಶ್ನೆ ಕೇಳಿದ ಭಾಷೆಯನ್ನು, ಮಾನಕ ರೂಪಿಸಿದ ವರ್ಷವನ್ನು ಕೇಳಿ ತಿಳಿದುಕೊಂಡು, ವರ್ಷದ ನಂತರ ಮರುಪರೀಕ್ಷೆಗೆ ದಿನ ಗೊತ್ತುಮಾಡಿಕೊಳ್ಳಬೇಕು.